ಪರವಾಗಿಲ್ಲ ಡಾಕ್ಟ್ರೇ

ಒಂದೇ ವಾರದಲ್ಲಿ ಒಬ್ಬರಿಗೇ ಮೂರು ಸುಳ್ಳು ಹೇಳಿದ ದಾಖಲೆ ನನ್ನ ಹೆಸರಲ್ಲಿದೆ. ಸುಳ್ಳು ಹೇಳಿಸಿಕೊಂಡವರು ನನ್ನ ಮ್ಯಾನೇಜರ್ ಅಲ್ಲ, ಮನೆಯವರೂ ಅಲ್ಲ. ನನ್ನ ವಿಸ್‌ಡಮ್ ಟೂತ್ ತೆಗೆದ ಓರಲ್ ಸರ್ಜನ್.

ಕೆಳದವಡೆಯ ಬಲಗಡೆ ಮೂಲೆಯಲ್ಲಿ ಅಡ್ಡಡ್ಡ ಮಲಗಿದ್ದ ಹಲ್ಲು ಅದು. ಎಕ್ಸ್‌ರೇ ನೋಡಿದ ಡಾಕ್ಟ್ರು, ‘ಇದು ಮೇಲೆ ಬರೋದಿಲ್ಲ, ಪಕ್ಕದ ಹಲ್ಲನ್ನೂ ಹಾಳು ಮಾಡುತ್ತೆ, ತೆಗೆದುಬಿಡೋಣ’ ಅಂದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು ಆಕೆ. ಗುರುವಾರ ಸಂಜೆ ಒಸಡು ಬಿಡಿಸಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು, ಹೊಲಿಗೆ ಹಾಕಿ ಕಳಿಸಿದರು. ಕೈಯಲ್ಲಿ ಒಂದು ಚೀಟಿ. ಸ್ಟ್ರಾ ಹಾಕಿ ಏನನ್ನೂ ಹೀರಬೇಡಿ, ಜೋರಾಗಿ ಉಗುಳಬೇಡಿ, ಬಿಸಿ ಮತ್ತು ಗಟ್ಟಿ ಪದಾರ್ಥ ಬೇಡ, ಸಿಗರೇಟು ಖಂಡಿತ ಬೇಡ. ಕೊನೆಯ ಸಾಲಿನ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಬೇರೆ ಎಳೆದಿದ್ದರು.

ಶುಕ್ರವಾರ ರಾತ್ರಿ ನಮ್ಮ ರಿಲೀಸ್ ಇತ್ತು. ಹನ್ನೊಂದೂವರೆಗೆ ಕಾಲ್ ಮುಗಿಯೋ ಹೊತ್ತಿಗೆ ನಾನು ಬಾಲ್ಕನಿಯಲ್ಲಿ ಎರಡನೇ ಸಿಗರೇಟು ಮುಗಿಸಿದ್ದೆ.

ಭಾನುವಾರ ಬೆಳಿಗ್ಗೆ ನೋವು ಶುರುವಾಯ್ತು. ಶನಿವಾರ ಇಳೀತಿದ್ದ ನೋವು ತಿರುಗಿ ಬಂದು ದವಡೆಯಿಂದ ಕಿವಿಗೆ, ಕಿವಿಯಿಂದ ತಲೆಗೆ ಸಿಡಿಯೋಕೆ ಶುರುವಾಯ್ತು. ಬಾಯಲ್ಲಿ ಕೆಟ್ಟ ವಾಸನೆ. ಅವತ್ತು ಸಂಜೆ ಡಾಕ್ಟ್ರೇ ಫೋನ್ ಮಾಡಿದರು. ‘ಹೇಗಿದ್ದೀರಾ? ನೋವು ಹೇಗಿದೆ?’

‘ಪರವಾಗಿಲ್ಲ ಡಾಕ್ಟ್ರೇ, ಸ್ವಲ್ಪ ಇದೆ ಅಷ್ಟೆ’ ಅಂದೆ. ಮೊದಲನೇ ಸುಳ್ಳು.

ಎರಡು ರಾತ್ರಿ ನಿದ್ದೆ ಇಲ್ಲದೆ ಕಳೆದು ಮಂಗಳವಾರ ಕ್ಲಿನಿಕ್ಕಿಗೆ ಹೋದೆ. ‘ಯಾವಾಗಿಂದ ಹೀಗೆ?’ ಅಂತ ಕೇಳಿದರು. ‘ನಿನ್ನೆ ರಾತ್ರಿಯಿಂದ’ ಅಂದೆ. ಭಾನುವಾರದಿಂದ ಅಂದರೆ ಫೋನಿನಲ್ಲಿ ಹೇಳಿದ್ದು ಸುಳ್ಳಾಗ್ತಿತ್ತಲ್ಲ. ‘ಸಿಗರೇಟು ಏನಾದ್ರೂ?’ ‘ಇಲ್ಲ.’ ಅವರು ಕೇಸ್‌ಶೀಟಿನಲ್ಲಿ ಅದನ್ನೇ ಬರೆದುಕೊಂಡರು. ಕನ್ನಡಿ ಹಾಕಿ ನೋಡಿದರು. ಹಲ್ಲಿದ್ದ ಜಾಗದಲ್ಲಿ ಇರಬೇಕಾದ ಹೆಪ್ಪುಗಟ್ಟಿದ ರಕ್ತ ಇರಲಿಲ್ಲ, ಬರೀ ಗುಳಿ. ಡ್ರೈ ಸಾಕೆಟ್ ಅಂತಾರೆ ಅದಕ್ಕೆ. ಆ ಹೆಪ್ಪು ಗಾಯಕ್ಕೆ ಮುಚ್ಚಳ ಇದ್ದ ಹಾಗೆ. ಅದು ಕಳಚಿಹೋದರೆ ಒಳಗಿನ ಮೂಳೆ ಬರಿದಾಗಿ ನಿಲ್ಲುತ್ತೆ. ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಹಲ್ಲು ಕೀಳೋದು ಕಷ್ಟವಾಗಿ ಮೂಳೆಗೆ ಪೆಟ್ಟು ಬಿದ್ದಿದ್ದರೂ ಹೆಚ್ಚು.

ಡಾಕ್ಟ್ರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು. ‘ಅವತ್ತು ಮೂಳೆ ಸ್ವಲ್ಪ ಜಾಸ್ತಿ ಕೊರೀಬೇಕಾಯ್ತು. ಅದರಿಂದಲೇ ಇರಬೇಕು. ಸಾರಿ.’

ನಾನು ಬಾಯಿ ತೆರೆದುಕೊಂಡೇ ಇದ್ದೆ. ಮಾತಾಡದಿರೋಕೆ ಅದಕ್ಕಿಂತ ಒಳ್ಳೆ ನೆಪ ಬೇಕಾ?

ಅವರು ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಟ್ಟರು. ಲವಂಗದೆಣ್ಣೆಯ ವಾಸನೆ, ಅಜ್ಜಿ ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡ್ತಿದ್ದ ಅದೇ ವಾಸನೆ. ಸ್ವಲ್ಪ ಹೊತ್ತಿಗೆಲ್ಲ ನೋವು ಇಳೀತು. ಆಟೋದಲ್ಲಿ ಮನೆಗೆ ಬರುವಾಗ ಆ ‘ಸಾರಿ’ ಮಾತ್ರ ಇಳಿಯಲಿಲ್ಲ.

ಅಲ್ಲಿವರೆಗೆ ನಾನು ಅಂದುಕೊಂಡಿದ್ದು ಇಷ್ಟು: ನನ್ನ ಬಾಯಿ, ನನ್ನ ನೋವು, ನನ್ನ ಸಿಗರೇಟು, ಹೇಳೋದು ಬಿಡೋದು ನನ್ನಿಷ್ಟ, ಸುಳ್ಳು ಹೇಳಿದರೆ ನಷ್ಟವೂ ನನಗೇ. ಅವತ್ತು ಗೊತ್ತಾಯ್ತು, ಡಾಕ್ಟ್ರ ಹತ್ತಿರ ಹೇಳೋ ಸುಳ್ಳಿನ ನಷ್ಟ ಅಷ್ಟಕ್ಕೇ ನಿಲ್ಲೋದಿಲ್ಲ. ನಾನು ಮಾಡಿದ ತಪ್ಪಿನ ಜಾಗ ಖಾಲಿ ಬಿಟ್ಟಿದ್ದರಿಂದ, ಒಬ್ಬ ಪ್ರಾಮಾಣಿಕ ಹೆಂಗಸು ಆ ಜಾಗದಲ್ಲಿ ತನ್ನ ಕೈಯನ್ನೇ ಇಟ್ಟು ನೋಡಿಕೊಂಡರು. ನಾಳೆ ಇನ್ನೊಬ್ಬರ ಹಲ್ಲು ತೆಗೆಯುವಾಗ ಬೇಕಿಲ್ಲದ ಕಡೆ ಆ ಕೈ ಹಿಂಜರಿದರೆ, ಅದರಲ್ಲಿ ನನ್ನ ಪಾಲೂ ಇರುತ್ತೆ.

ಹಾಗಾದರೆ ನಾವು ಯಾಕೆ ಹೇಳೋದಿಲ್ಲ?

ನನ್ನ ಕಾರಣ ಸುಲಭ. ನಾಚಿಕೆ. ಎರಡು ಗೆರೆ ಎಳೆದು ಹೇಳಿದ್ದನ್ನು ಮೀರಿದ್ದೆ. ಹೋಮ್‌ವರ್ಕ್ ಮಾಡದೆ ಬಂದ ಹುಡುಗ ಮೇಷ್ಟ್ರ ಮುಂದೆ ನಿಂತ ಹಾಗೆ ಆ ಕುರ್ಚಿಯಲ್ಲಿ ಮಲಗಿದ್ದೆ. ನಮ್ಮಲ್ಲಿ ಬಹಳ ಜನಕ್ಕೆ ಡಾಕ್ಟ್ರು ಅಂದರೆ ಇವತ್ತಿಗೂ ಒಂಥರಾ ಹೆಡ್‌ಮಾಸ್ಟರೇ. ಇದರ ಜೊತೆಗೆ ನಮ್ಮ ಕ್ಲಿನಿಕ್ಕುಗಳಲ್ಲಿ ಪೇಶೆಂಟ್ ಹಿಂದೆ ಸಂಸಾರವೆಲ್ಲ ನಿಂತಿರುತ್ತೆ. ಪಕ್ಕದಲ್ಲಿ ಅಪ್ಪ ಇದ್ದರೆ ಇಪ್ಪತ್ತೈದು ವರ್ಷದ ಮಗ ಸಿಗರೇಟಿನ ಪ್ರಶ್ನೆಗೆ ಇನ್ನೇನು ಉತ್ತರ ಕೊಡ್ತಾನೆ? ಆ ಪ್ರಶ್ನೆ ಕೇಳೋ ಮೊದಲು ಅಪ್ಪನನ್ನು ಹೊರಗೆ ಕೂರಿಸೋದು ಡಾಕ್ಟ್ರ ಜಾಣತನ. ಅವರಿಗೆ ಹೊಳೆಯದಿದ್ದರೆ ‘ಎರಡು ನಿಮಿಷ ಒಬ್ಬನೇ ಮಾತಾಡಬಹುದಾ’ ಅಂತ ಕೇಳೋದು ನಮ್ಮ ಹಕ್ಕು.

ನನ್ನ ಅಮ್ಮನ ಕಾರಣ ಬೇರೆ, ನನ್ನದಕ್ಕಿಂತ ಘನವಾದದ್ದು. ಮೂರು ವರ್ಷದ ಹಿಂದೆ ಅವಳ ಕೆಳಗಿನ ದವಡೆ ಹಲ್ಲೊಂದನ್ನು ಊರಿನಲ್ಲಿ ತೆಗೆಸಿದ್ವಿ. ಮೂರು ವಾರದ ಮೇಲೆ ನಾನು ಮನೆಗೆ ಹೋದಾಗ, ಕಾಫಿ ಕುಡೀತಿದ್ದ ಅಮ್ಮನ ಗದ್ದದ ಮೇಲೆ ಸಣ್ಣಗೆ ಕಾಫಿ ಇಳೀತಿತ್ತು. ಅವಳಿಗೆ ಗೊತ್ತೇ ಆಗ್ತಿರಲಿಲ್ಲ. ‘ಅಮ್ಮಾ, ಒರೆಸ್ಕೋ’ ಅಂದೆ. ‘ಹೂಂ ಕಣೋ, ಹಲ್ಲು ಕಿತ್ತ ದಿನದಿಂದ ತುಟಿ ಈ ಕಡೆ ಜೋಮು ಹಿಡಿದ ಹಾಗೇ ಇದೆ. ವಯಸ್ಸಾಯ್ತಲ್ಲ’ ಅಂದಳು.

ಹಲ್ಲಿಗೂ ತುಟಿಗೂ ಏನು ಸಂಬಂಧ ಅಂದರೆ, ಕೆಳದವಡೆಯ ಮೂಳೆಯೊಳಗೆ ಒಂದು ನರ ಸಾಗುತ್ತದೆ. ಕೆಳತುಟಿಗೆ, ಗದ್ದಕ್ಕೆ ಮುಟ್ಟಿದ್ದು ತಿಳಿಯೋದು ಅದರಿಂದ. ಕೊನೆಯ ದವಡೆ ಹಲ್ಲುಗಳ ಬೇರು ಕೆಲವರಲ್ಲಿ ಆ ನರಕ್ಕೆ ತಾಗಿಕೊಂಡ ಹಾಗೇ ಇರುತ್ತದೆ. ಹಲ್ಲು ತೆಗೆಯುವಾಗ ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತೆ. ಹೆಚ್ಚಿನವರಲ್ಲಿ ಅದು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತೆ, ಕೆಲವರಲ್ಲಿ ಹೋಗೋದಿಲ್ಲ. ಅದಕ್ಕೇ ಮೊದಲ ದಿನಗಳಲ್ಲೇ ಹೇಳಬೇಕು. ಎಲ್ಲಿಂದ ಎಲ್ಲಿಯವರೆಗೆ ಸ್ಪರ್ಶ ಇಲ್ಲ ಅಂತ ಬರೆದಿಟ್ಟುಕೊಂಡರೆ ತಾನೇ ಮುಂದಿನ ತಿಂಗಳು ಆ ಜಾಗ ಚಿಕ್ಕದಾಗ್ತಿದೆಯೋ ಇಲ್ಲವೋ ತಿಳಿಯೋದು? ಚಿಕ್ಕದಾಗದಿದ್ದರೆ ನರದ ಆಪರೇಷನ್ನಿನ ವಿಚಾರ ಮಾಡೋದಕ್ಕೂ ಕಾಲದ ಮಿತಿ ಇದೆ.

‘ಹೊಲಿಗೆ ಬಿಚ್ಚೋಕೆ ಹೋದಾಗ ಯಾಕೆ ಹೇಳಲಿಲ್ಲ?’ ಅಂತ ರೇಗಿದೆ. ‘ಪಾಪ, ಆ ಹುಡುಗ ಬೆವರು ಸುರಿಸ್ಕೊಂಡು ಕಿತ್ತ ಕಣೋ. ಚೆನ್ನಾಗಿದೀರಾ ಅಮ್ಮ ಅಂತ ಬೇರೆ ಕೇಳ್ದ. ಹೋಗಿ ತುಟಿ ಸರಿ ಇಲ್ಲ ಅಂದ್ರೆ ಅವನಿಗೆ ಬೇಜಾರಾಗಲ್ವಾ?’

ಇದಕ್ಕೆ ದಾಕ್ಷಿಣ್ಯ ಅಂತ ಹೆಸರು. ನಮ್ಮ ದೊಡ್ಡವರು ಇದರ ಮೇಲೇ ಸಂಸಾರ ಕಟ್ಟಿದ್ದಾರೆ, ನೆರೆಹೊರೆ ಉಳಿಸಿಕೊಂಡಿದ್ದಾರೆ. ಊಟಕ್ಕೆ ಕೂತಾಗ ಉಪ್ಪು ಜಾಸ್ತಿಯಾದರೂ ಬಾಯಿಬಿಡದೆ ಉಂಡು ಏಳುವವರ ಗುಣ ಅದು. ನಾನು ಅದನ್ನು ಹಗುರವಾಗಿ ನೋಡಲಾರೆ. ಆದರೆ ಅಡುಗೆ ಮಾಡಿದವರಿಗೆ ಉಪ್ಪಿನ ವಿಷಯ ಆಮೇಲೆ ತಾವೇ ಉಂಡಾಗ ತಿಳಿಯುತ್ತೆ. ಸರ್ಜನ್‌ಗೆ ಹಾಗೆ ತಿಳಿಯೋ ದಾರಿಯೇ ಇಲ್ಲ. ಮರಗಟ್ಟಿದ ತುಟಿ ಅವನದ್ದಲ್ಲ. ಎಕ್ಸ್‌ರೇಯಲ್ಲಿ ನೋವು ಕಾಣಲ್ಲ, ಜೋಮೂ ಕಾಣಲ್ಲ. ಅಮ್ಮ ಆ ಹುಡುಗನಿಗೆ ಬೇಜಾರಾಗಬಾರದು ಅಂತ ಅವನಿಂದ ಮುಚ್ಚಿಟ್ಟಿದ್ದು ಅವನ ಕೆಲಸದ ಫಲಿತಾಂಶವನ್ನೇ. ಹೀಗೆ ಹತ್ತು ಜನ ಅಮ್ಮಂದಿರು ಸುಮ್ಮನಿದ್ದರೆ, ನನ್ನ ಕೈಯಲ್ಲಿ ಯಾರಿಗೂ ಏನೂ ಆಗಿಲ್ಲ ಅಂತ ಅವನು ನಿಜವಾಗಿಯೂ ನಂಬಿಬಿಡ್ತಾನೆ. ಆ ನಂಬಿಕೆಯ ಬೆಲೆ ತೆರೋದು ಹನ್ನೊಂದನೇ ಪೇಶೆಂಟ್.

ಅಮ್ಮನನ್ನು ಕರೆದುಕೊಂಡು ಹೋದೆ. ಆ ಡಾಕ್ಟ್ರಿಗೆ ಬೇಜಾರಾಯ್ತು, ನಿಜ. ಆದರೆ ಬೇಜಾರು ಮಾಡಿಕೊಂಡೇ ಹತ್ತಿಯ ಎಳೆ, ಸೂಜಿಮೊನೆ ಹಿಡಿದು ತುಟಿಯ ಮೇಲೆ ಎಲ್ಲಿ ತಿಳಿಯುತ್ತೆ, ಎಲ್ಲಿ ತಿಳಿಯಲ್ಲ ಅಂತ ನೋಡಿ, ಒಂದು ಮುಖದ ಚಿತ್ರ ಬರೆದು ಗುರುತು ಹಾಕಿಕೊಂಡರು. ತಿಂಗಳಿಗೊಮ್ಮೆ ಬನ್ನಿ ಅಂದರು. ಐದಾರು ತಿಂಗಳಲ್ಲಿ ತುಟಿ ಹೆಚ್ಚುಕಮ್ಮಿ ಸರಿಹೋಯ್ತು. ಅಮ್ಮ ಹೇಳಿದ್ದರಿಂದ ಸರಿಹೋಯ್ತು ಅಂತ ನಾನು ಹೇಳಲ್ಲ, ತಾನಾಗಿಯೇ ಆಗಿರಬಹುದು. ಆದರೆ ಆ ಐದಾರು ತಿಂಗಳು ಅವಳು ಒಬ್ಬಳೇ ‘ವಯಸ್ಸಾಯ್ತಲ್ಲ’ ಅಂದುಕೊಂಡು ಗದ್ದ ಒರೆಸಿಕೊಳ್ಳಬೇಕಾಗಿ ಬರಲಿಲ್ಲ.

ನೋವಿನ ವಿಷಯದಲ್ಲಿ ಹಲ್ಲುನೋವನ್ನೇ ಹಿಡಿದು ಯೋಚಿಸಿದ ಒಬ್ಬ ತತ್ತ್ವಜ್ಞಾನಿ ಇದ್ದಾನೆ, ವಿಟ್‌ಗೆನ್‌ಸ್ಟೈನ್. 1930ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಪಾಠ ಮಾಡುವಾಗ ಅವನು ಮತ್ತೆ ಮತ್ತೆ ಎತ್ತಿಕೊಂಡ ಉದಾಹರಣೆ ಇದು. ಇನ್ನೊಬ್ಬನಿಗೆ ಹಲ್ಲುನೋವು ಅಂತ ನಾನು ಹೇಳುವಾಗ ಏನನ್ನು ಹೇಳ್ತಿದ್ದೀನಿ? ನೋವು ಒಳಗಿನ ಗುಟ್ಟು, ಅದು ನನಗೊಬ್ಬನಿಗೇ ಗೊತ್ತು ಅಂತ ನಮಗನ್ನಿಸುತ್ತೆ. ಆದರೆ ನೋವಿನ ಮಾತನ್ನು ನಾವು ಒಬ್ಬರೇ ಕೂತು ಕಲಿತದ್ದಲ್ಲ. ಮಗು ಬಿದ್ದು ಅತ್ತಾಗ ಯಾರೋ ಎತ್ತಿಕೊಂಡು ‘ನೋವಾಯ್ತಾ ಪುಟ್ಟಾ’ ಅಂದದ್ದರಿಂದ ಕಲಿತದ್ದು. ಅಂದರೆ ನೋವಿನ ಮಾತು ಹುಟ್ಟಿದ್ದೇ ಇನ್ನೊಬ್ಬರಿಗೆ ಹೇಳೋದಕ್ಕೆ. ಹೇಳಿಕೊಂಡಾಗ ಅದು ದೌರ್ಬಲ್ಯ ಅನ್ನಿಸೋದು ದೊಡ್ಡವರಾದ ಮೇಲೆ ನಮಗೆ ಅಂಟಿದ ರೋಗ.

ನಮ್ಮ ಕಡೆಯದೇ ಇನ್ನೊಂದು ಮಾತಿದೆ, ಅದು ನನಗೆ ಇನ್ನೂ ಹತ್ತಿರದ್ದು. ಚರಕಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಕಾಲು ಅಂತ ಹೇಳಿದೆ. ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣ. ರೋಗಿಗೆ ಇರಬೇಕಾದ ನಾಲ್ಕು: ನೆನಪು, ಹೇಳಿದಂತೆ ನಡೆಯೋದು, ಹೆದರದೆ ಇರೋದು, ತನ್ನ ರೋಗವನ್ನು ತಿಳಿಸಬಲ್ಲವನಾಗಿರೋದು. ಈ ನಾಲ್ಕನೆಯದರ ಹೆಸರು ‘ಜ್ಞಾಪಕತ್ವ’. ಕನ್ನಡದಲ್ಲಿ ಜ್ಞಾಪಕ ಅಂದರೆ ನಮಗೆ ನೆನಪು ಮಾತ್ರ. ಅಲ್ಲಿ ಅದರ ಅರ್ಥ ತಿಳಿಯಪಡಿಸೋದು.

ನೋಡಿ, ರೋಗಿ ಕುರ್ಚಿಯಲ್ಲಿ ಸುಮ್ಮನೆ ಬಾಯಿ ತೆರೆದು ಮಲಗುವ ಪ್ರಾಣಿ ಅಲ್ಲ, ಅವನಿಗೂ ಕೆಲಸ ಇದೆ ಅಂತ ಅಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ನಾವು ಈ ನಾಲ್ಕರಲ್ಲಿ ಎರಡನೆಯದನ್ನು ಮಾತ್ರ ಹಿಡಿದುಕೊಂಡಿದ್ದೀವಿ. ಒಳ್ಳೆ ಪೇಶೆಂಟ್ ಅಂದರೆ ಹೇಳಿದ ಹಾಗೆ ಕೇಳುವವನು. ಹೇಳಿದ ಹಾಗೆ ಕೇಳದೆ ಹೋದ ದಿನ ಏನು ಮಾಡಬೇಕು? ಆಗ ಉಳಿಯೋದು ಮೂರನೆಯದು, ನಾಲ್ಕನೆಯದು. ಹೆದರದೆ ತಿಳಿಸೋದು. ಶುಕ್ರವಾರ ರಾತ್ರಿ ನಾನು ಎರಡನೇ ಗುಣದಲ್ಲಿ ಫೇಲಾಗಿದ್ದೆ. ಅದು ಸಣ್ಣ ತಪ್ಪು, ಎಲ್ಲರೂ ಮಾಡ್ತಾರೆ. ದೊಡ್ಡ ತಪ್ಪು ಆಮೇಲೆ ಮಂಗಳವಾರದವರೆಗೆ ಮಾಡಿದ್ದು.

ಇಲ್ಲೊಂದು ಪ್ರಶ್ನೆ ಏಳುತ್ತೆ. ಹಾಗಾದರೆ ಡಾಕ್ಟ್ರಿಗೆ ಎಲ್ಲವನ್ನೂ ಒಪ್ಪಿಸಿಬಿಡಬೇಕಾ? ಬೇಡ. ನಾನು ಯಾರ ಜೊತೆ ಸೇದಿದೆ, ಯಾಕೆ ಬಿಡೋಕಾಗ್ತಿಲ್ಲ, ಅದು ನನ್ನ ಬದುಕು. ಗಾಯಕ್ಕೆ ತಾಗುವಷ್ಟು ಮಾತ್ರ ಅವರದ್ದು. ಆದರೆ ಗಾಯಕ್ಕೆ ಯಾವುದು ತಾಗುತ್ತೆ ಅನ್ನೋದನ್ನು ನಾನೇ ತೀರ್ಮಾನ ಮಾಡಿದರೆ ಎಡವಟ್ಟಾಗುತ್ತೆ. ಅಮ್ಮನ ವಯಸ್ಸಿನವರು ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಮಾತ್ರೆ ತಗೊಳ್ತಿರ್ತಾರೆ. ಹಲ್ಲಿಗೂ ಅದಕ್ಕೂ ಏನು ಅಂತ ಹೇಳೋದೇ ಇಲ್ಲ. ಆ ಜಾತಿಯ ಕೆಲವು ಔಷಧ ತಗೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ವಾಸಿಯಾಗದೆ ಸಾಯಬಹುದು ಅನ್ನೋದು 2003ರಿಂದೀಚೆಗೆ ದಂತವೈದ್ಯರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ನಮ್ಮ ವಯಸ್ಸಿನವರ ಕಥೆ ಬೇರೆ. ನೋವು ತಡೆಯದೆ ಡಾಕ್ಟ್ರು ಕೊಟ್ಟ ಮಾತ್ರೆ ಜೊತೆಗೆ ಡ್ರಾಯರಿನಲ್ಲಿದ್ದ ಇನ್ನೊಂದನ್ನೂ ನುಂಗ್ತೀವಿ. ಹೆಸರು ಬೇರೆ ಇದ್ದರೂ ಎರಡರಲ್ಲೂ ಅದೇ ಪ್ಯಾರಾಸಿಟಮಾಲ್ ಇರಬಹುದು, ಅದು ಮಿತಿ ಮೀರಿದರೆ ಏಟು ಬೀಳೋದು ಲಿವರ್‌ಗೆ.

ಈಗ ಆ ಕಡೆಯ ಮಾತು. ನನ್ನ ಗೆಳೆಯನೊಬ್ಬ ಹಲ್ಲು ತೆಗೆಸಿಕೊಂಡ ಮೇಲೆ ಬಾವು ಇಳೀತಿಲ್ಲ ಅಂತ ಮೂರು ಸಲ ಫೋನ್ ಮಾಡಿದ. ಮೂರು ಸಲವೂ ರಿಸೆಪ್ಷನ್ನಿನಿಂದ ‘ಅದೆಲ್ಲ ನಾರ್ಮಲ್ ಸರ್, ಕೋರ್ಸ್ ಮುಗಿಸಿ’ ಅನ್ನೋ ಉತ್ತರ. ನಾಲ್ಕನೇ ಸಲ ಅವನು ಮಾಡಲಿಲ್ಲ. ಕೊನೆಗೆ ಬೇರೆ ಕಡೆ ಹೋಗಿ ಕೀವು ತೆಗೆಸಿಕೊಂಡ. ಇದನ್ನು ರೋಗಿಯ ಮುಚ್ಚುಮರೆ ಅನ್ನೋಕಾಗುತ್ತಾ? ಬಾಯಿಬಿಟ್ಟು ಹೇಳು ಅಂತ ಒಬ್ಬರಿಗೆ ಬುದ್ಧಿ ಹೇಳಬೇಕಾದರೆ ಕೇಳೋದಕ್ಕೆ ಇನ್ನೊಬ್ಬರ ಕಿವಿ ತೆರೆದಿರಬೇಕು. ಬಾಯಲ್ಲಿ ಕೈ ಹಾಕಿಕೊಂಡು ‘ಎಲ್ಲಾ ಓಕೆ ತಾನೇ’ ಅಂತ ಕೇಳೋದು ಪ್ರಶ್ನೆಯೇ ಅಲ್ಲ, ಅದಕ್ಕೆ ‘ಆಂ’ ಬಿಟ್ಟರೆ ಬೇರೆ ಉತ್ತರ ಬರೋಕೆ ಸಾಧ್ಯ ಇಲ್ಲ.

ಡಾಕ್ಟ್ರುಗಳ ಭಯವೂ ಸುಳ್ಳಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತೆ ಅಂತ ತೀರ್ಪು ಕೊಟ್ಟಿತು. ಆಗಬೇಕಾದ್ದೇ ಆಯ್ತು. ಆದರೆ ಅಲ್ಲಿಂದ ನಾವು ರೋಗಿಗಳಷ್ಟೇ ಅಲ್ಲ, ಗ್ರಾಹಕರೂ ಹೌದು. ‘ತುಟಿ ಮರಗಟ್ಟಿದೆ’ ಅನ್ನೋ ಎರಡು ಶಬ್ದದಲ್ಲಿ ಡಾಕ್ಟ್ರಿಗೆ ಮುಂದೆ ಬರಬಹುದಾದ ನೋಟಿಸೂ ಕೇಳಿಸುತ್ತೆ. ನಮಗೆ ಹೇಳೋಕೆ ಮುಲಾಜು, ಅವರಿಗೆ ಕೇಳೋಕೆ ದಿಗಿಲು.

ಇದರಿಂದ ಹೊರಬರೋ ದಾರಿ ನನಗೆ ತೋರೋದು ಒಂದೇ. ದೂರು ಬೇರೆ, ವರದಿ ಬೇರೆ ಅಂತ ಇಬ್ಬರೂ ಒಪ್ಪಿಕೊಳ್ಳೋದು. ‘ನೀವು ಸರಿಯಾಗಿ ಕೀಳಲಿಲ್ಲ’ ಅನ್ನೋದು ದೂರು. ‘ಭಾನುವಾರ ಬೆಳಿಗ್ಗೆಯಿಂದ ಕಿವಿವರೆಗೆ ಸಿಡೀತಿದೆ, ಶುಕ್ರವಾರ ರಾತ್ರಿ ಎರಡು ಸಿಗರೇಟು ಸೇದಿದ್ದೆ’ ಅನ್ನೋದು ವರದಿ. ವರದಿ ಕೊಟ್ಟವನು ಮುಂದೆ ದೂರು ಕೊಡಬಾರದು ಅಂತೇನಿಲ್ಲ, ತಪ್ಪಾಗಿದ್ದರೆ ಕೊಡಲೇಬೇಕು. ಆದರೆ ವರದಿ ಮೊದಲು.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಆಫೀಸಿನಲ್ಲಿ ಯಾರಾದರೂ ‘ಆ್ಯಪ್ ಸರಿ ಇಲ್ಲ’ ಅಂತ ಒಂದೇ ಸಾಲಿನ ಬಗ್ ಹಾಕಿದರೆ ನಾವೇ ವಾಪಸ್ ಕಳಿಸ್ತೀವಿ. ಯಾವಾಗ ಶುರುವಾಯ್ತು, ಅದಕ್ಕೆ ಮೊದಲು ಏನು ಮಾಡಿದ್ರಿ, ಜಾಸ್ತಿಯಾಗ್ತಿದೆಯಾ ಕಮ್ಮಿಯಾಗ್ತಿದೆಯಾ ಅಂತ ಕೇಳ್ತೀವಿ. ಹಾಗೆ ಕೇಳುವ ನಾವೇ ಡಾಕ್ಟ್ರ ಮುಂದೆ ‘ಒಂಥರಾ ನೋವು’ ಅಂತೀವಿ. ಕನ್ನಡಕ್ಕೇನು ಪದಕ್ಕೆ ಬರವಾ? ಚುಚ್ಚುತ್ತೆ, ಸಿಡಿಯುತ್ತೆ, ಸೆಳೆಯುತ್ತೆ, ಉರಿಯುತ್ತೆ, ಜುಮ್ಮೆನ್ನುತ್ತೆ, ಭಾರ ಇಟ್ಟ ಹಾಗಿರುತ್ತೆ. ಒಂದೊಂದೂ ಬೇರೆ ಬೇರೆ ಸುದ್ದಿ ಹೇಳುತ್ತೆ. 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಇಂಥ ಪದಗಳನ್ನೇ ಗುಂಪು ಮಾಡಿ, ನೋವನ್ನು ಅಳೆಯೋ ಪ್ರಶ್ನಾವಳಿ ಮಾಡಿದರು. ನಮ್ಮ ಅಜ್ಜಿಯಂದಿರು ಪ್ರಶ್ನಾವಳಿ ಇಲ್ಲದೆ ಆ ಪದಗಳನ್ನೆಲ್ಲ ಬಳಸ್ತಿದ್ದರು.

ಹಲ್ಲು ತೆಗೆಸಿದ ಮೇಲೆ ಎರಡು ಮೂರು ದಿನ ನೋವು, ಬಾವು ಇರೋದು ಸಹಜ. ಅದು ಇಳಿಮುಖವಾಗೋ ಹೊತ್ತಿಗೆ ತಿರುಗಿ ಏರಿದರೆ ಹೇಳಿ. ಹತ್ತಿ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಅರಿವಳಿಕೆ ಇಳಿದ ಮೇಲೂ ತುಟಿ ನಾಲಿಗೆ ಜೋಮಾಗಿಯೇ ಇದ್ದರೆ ಹೇಳಿ. ಮೇಲಿನ ದವಡೆ ಹಲ್ಲು ತೆಗೆಸಿದವರಿಗೆ ಕುಡಿದ ನೀರು ಮೂಗಿನಲ್ಲಿ ಬರಬಹುದು. ಹುಚ್ಚು ಅಂದುಕೊಳ್ತಾರೇನೋ ಅಂತ ಸುಮ್ಮನಿರಬೇಡಿ, ಬಾಯಿಗೂ ಸೈನಸ್‌ಗೂ ದಾರಿಯಾಗಿದೆ ಅನ್ನೋದರ ಗುರುತು ಅದು. ಬಾವು ದವಡೆಯ ಕೆಳಗೆ ಕುತ್ತಿಗೆಗೆ ಇಳಿದು, ನುಂಗೋಕೆ ಉಸಿರಾಡೋಕೆ ಕಷ್ಟವಾದರೆ ಫೋನ್, ಅಪಾಯಿಂಟ್‌ಮೆಂಟ್ ಯಾವುದೂ ಬೇಡ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಅಲ್ಲಿ ದಾಕ್ಷಿಣ್ಯಕ್ಕೆ ಟೈಮಿಲ್ಲ.

ಗುರುವಾರ ಪಟ್ಟಿ ಬದಲಿಸೋಕೆ, ಹೊಲಿಗೆ ಬಿಚ್ಚಿಸೋಕೆ ಹೋದೆ. ಕುರ್ಚಿ ಹಿಂದಕ್ಕೆ ವಾಲೋ ಮೊದಲೇ ‘ಡಾಕ್ಟ್ರೇ, ಒಂದು ವಿಷಯ’ ಅಂದೆ. ಶುಕ್ರವಾರದ ಎರಡು ಸಿಗರೇಟು, ಭಾನುವಾರದಿಂದಲೇ ಇದ್ದ ನೋವು, ಫೋನಿನ ಸುಳ್ಳು, ಎಲ್ಲ ಹೇಳಿದೆ. ನಿಮ್ಮ ಕೈದೇನೂ ತಪ್ಪಿಲ್ಲ ಅಂತಲೂ ಹೇಳಿದೆ.

‘ಮೊದಲೇ ಹೇಳಿದ್ರೆ ಬೈತೀನಿ ಅಂದ್ಕೊಂಡ್ರಾ?’

‘ಹೂಂ.’

‘ಬೈತಿದ್ದೆ’ ಅಂದರು. ‘ಬೈದು, ಭಾನುವಾರವೇ ಪಟ್ಟಿ ಇಡ್ತಿದ್ದೆ. ಎರಡು ರಾತ್ರಿ ನಿದ್ದೆ ಉಳೀತಿತ್ತು.’ ಆಮೇಲೆ ಕೇಸ್‌ಶೀಟ್ ತೆಗೆದು, ಸಿಗರೇಟಿನ ಮುಂದೆ ಬರೆದಿದ್ದ ‘ಇಲ್ಲ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಹಾಕಿದರು. ಮೂಳೆ ಕೊರೆದದ್ದೂ ಒಂದು ಕಾರಣ ಇರಬಹುದು, ಅದನ್ನು ಹೊಡೆದುಹಾಕಲ್ಲ ಅಂದರು. ಅವರ ವರದಿ ನನ್ನದಕ್ಕಿಂತ ಪ್ರಾಮಾಣಿಕವಾಗಿತ್ತು.

‘ಈಗ ನೋವು ಹೇಗಿದೆ?’

‘ಪರವಾಗಿಲ್ಲ...’ ಅಂತ ಬಾಯಿಗೆ ಬಂತು. ಅವರು ಪೆನ್ನು ಹಿಡಿದು ಕಾಯ್ತಿದ್ದರು. ‘ಹತ್ತಕ್ಕೆ ಮೂರು’ ಅಂದೆ. ‘ನಿನ್ನೆ ರಾತ್ರಿ ಮಾತ್ರೆ ಇಲ್ಲದೆ ಮಲಗಿದೆ. ಬೆಳಿಗ್ಗೆ ಕಿವಿ ಹತ್ತಿರ ಒಂದು ಸಲ ಸೆಳೀತು. ಮಂಗಳವಾರದಿಂದ ಸಿಗರೇಟು ಮುಟ್ಟಿಲ್ಲ.’

ಬರೆದುಕೊಂಡರು.